ಹೇರಿ ಸೆಲ್ ಲ್ಯುಕೇಮಿಯಾ: ಯಾವ ಮದ್ದು, ಯಾವ ಊರು, ಯಾವಾಗ?

ಕೇರಳದ ಗಡಿ ಜಿಲ್ಲೆ, ನಮ್ಮ ಕಾಸರಗೋಡಿನ ಪೆರ್ಲದ ಹತ್ತಿರದಿಂದ ಒಬ್ಬರು ಫೋನ್ ಮಾಡಿದ್ದರು. ತಮ್ಮನಿಗೆ ಹೇರಿ ಸೆಲ್ ಲ್ಯುಕೇಮಿಯಾ ಎಂಬ ರಕ್ತದ ಕಾಯಿಲೆ ಅಂತ ಗೊತ್ತಾಗಿ ನಾಲ್ಕು ದಿನ ಆಗಿತ್ತು. ಕೇಳಿದ್ದು ಒಂದೇ ಪ್ರಶ್ನೆ. "ಮಂಗಳೂರಾ, ತಲಶ್ಶೇರಿಯಾ, ಅಲ್ಲ ಸೀದಾ ವೆಲ್ಲೂರಿಗೇ ಹೋಗುವುದಾ?" ಅದೇ ವಾರ ಉಪ್ಪಳದ ಒಬ್ಬ ಅಕ್ಕ ಕೇಳಿದರು. ಅವರ ಗಂಡನಿಗೆ ಒಂದು ಮದ್ದು ಸಾಕಾಗಬಹುದು, ಎರಡು ಸೇರಿಸಿಯೂ ಕೊಡಬಹುದು, ಯೋಚಿಸಿ ಹೇಳಿ ಅಂದಿದ್ದರಂತೆ ಡಾಕ್ಟರು. "ನಾವು ಏನಂತ ಯೋಚಿಸುವುದು?" ಅಂದರು. ಮುಳ್ಳೇರಿಯದ ಹುಡುಗನ ಚಿಂತೆ ಬೇರೆ. ಅಪ್ಪನಿಗೆ ಕಾಯಿಲೆ ಇದೆ, ಆದರೆ ಡಾಕ್ಟರು ಈಗ ಮದ್ದೇ ಬೇಡ ಅನ್ನುತ್ತಾರೆ.

ಮೂವರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಈಗ ಕೂತು ಸರಿಯಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ನಮ್ಮ ಭಾವನವರಿಗೆ ಇದೇ ಕಾಯಿಲೆ ಬಂದಾಗ ಫೈಲು ಹಿಡಿದುಕೊಂಡು ಓಡಾಡಿದವನು. ಕೊನೆಯ ಮಾತು ನಿಮ್ಮ ರಕ್ತರೋಗದ ಡಾಕ್ಟರದ್ದೇ. ಅವರ ಮುಂದೆ ಕೂತಾಗ ಏನು ಕೇಳಬೇಕು, ಯಾವುದನ್ನು ಯಾವುದರ ಜೊತೆ ತೂಗಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಮೊದಲು ಒಂದು ಸಮಾಧಾನದ ಮಾತು. ಇದು ರಕ್ತದ ಕ್ಯಾನ್ಸರೇ, ಆದರೆ ನಾಳೆಯೇ ಏನಾದರೂ ಆಗಿಬಿಡುವ ಜಾತಿಯದ್ದಲ್ಲ. ಬಿ ಲಿಂಫೋಸೈಟ್ ಅನ್ನುವ ಬಿಳಿ ಕಣಗಳು ಕೆಟ್ಟು ಮೂಳೆಯೊಳಗಿನ ಮಜ್ಜೆಯಲ್ಲೂ ಗುಲ್ಮದಲ್ಲೂ, ಅಂದರೆ ಸ್ಪ್ಲೀನ್‌ನಲ್ಲೂ, ನಿಧಾನಕ್ಕೆ ತುಂಬಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣದ ಸುತ್ತ ಕೂದಲಿನಂಥ ಎಳೆಗಳು ಕಾಣುತ್ತವೆ, ಹೆಸರು ಬಂದದ್ದು ಅದರಿಂದ. 1958ರಲ್ಲಿ ಅಮೆರಿಕದ ಒಹಾಯೋದಲ್ಲಿ ಬರ್ಥಾ ಬೌರಾಂಕಲ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಇದು ಬೇರೆಯೇ ಕಾಯಿಲೆ ಅಂತ ಗುರುತಿಸಿದರು. ಲ್ಯುಕೇಮಿಯಾ ಬಂದ ನೂರು ಜನರಲ್ಲಿ ಇಬ್ಬರಿಗಷ್ಟೇ ಇದು ಇರುತ್ತದೆ. ಗಂಡಸರಿಗೆ ಹೆಂಗಸರಿಗಿಂತ ನಾಲ್ಕು ಪಟ್ಟು ಜಾಸ್ತಿ, ಅದೂ ಹೆಚ್ಚಾಗಿ ಐವತ್ತು ದಾಟಿದವರಿಗೆ. ಅಪರೂಪದ ಕಾಯಿಲೆಯಾದ್ದರಿಂದ ಅನೇಕ ಡಾಕ್ಟರು ತಮ್ಮ ಜೀವನದಲ್ಲಿ ಒಂದೆರಡು ಸಲ ಮಾತ್ರ ನೋಡಿರುತ್ತಾರೆ.

ಹಾಗಾದರೆ ಯಾವುದರ ಮೇಲೆ ತೀರ್ಮಾನ ಮಾಡಬೇಕು? ನಾನು ಐದು ವಿಷಯ ನೋಡುತ್ತೇನೆ. ಪತ್ತೆ ಖಚಿತವಾಗಿದೆಯಾ. ಮದ್ದು ಈಗಲೇ ಬೇಕಾ. ರಾತ್ರಿ ಜ್ವರ ಬಂದರೆ ಎಷ್ಟು ಹೊತ್ತಿನೊಳಗೆ ಆಸ್ಪತ್ರೆಯ ಬಾಗಿಲು ಮುಟ್ಟುತ್ತೀರಿ. ದುಡ್ಡು ಮತ್ತು ಆರೋಗ್ಯ ಯೋಜನೆಯ ಕಾರ್ಡು. ಕೊನೆಗೆ, ಜೊತೆಗೆ ನಿಲ್ಲಲು ಯಾರಿದ್ದಾರೆ, ಅವರಿಗೆ ಅಲ್ಲಿನ ಮಾತು ತಿಳಿಯುತ್ತದಾ. ನನ್ನ ಅನುಭವದಲ್ಲಿ ಐದರಲ್ಲಿ ಮೂರನೆಯದೇ ದೊಡ್ಡದು. ಜನ ಆಸ್ಪತ್ರೆಯ ಹೆಸರು ನೋಡಿ ಹೊರಡುತ್ತಾರೆ, ಜ್ವರದ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪತ್ತೆಯಲ್ಲಿ ದುಡ್ಡು ಉಳಿಸಬೇಡಿ

2019ರ ಮಳೆಗಾಲದಲ್ಲಿ ಭಾವನವರಿಗೆ ಸುಸ್ತು ಶುರುವಾಯಿತು. ತೋಟಕ್ಕೆ ಇಳಿದು ಹತ್ತುವಷ್ಟರಲ್ಲಿ ಏದುಸಿರು. ರಕ್ತ ಕಡಿಮೆ ಇದೆ ಅಂತ ಒಂದು ಕಡೆ ಎರಡು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟರು. ನಡುವೆ ಜ್ವರ ಬಂತು, ಪ್ಲೇಟ್‌ಲೆಟ್ 62 ಸಾವಿರಕ್ಕೆ ಇಳಿದಿತ್ತು. ಡೆಂಗಿ ಇರಬೇಕು ಅಂದರು. ಪರೀಕ್ಷೆಯಲ್ಲಿ ಡೆಂಗಿ ಇರಲಿಲ್ಲ. ಜ್ವರ ಬಿಟ್ಟಿತು, ಪ್ಲೇಟ್‌ಲೆಟ್ ಮಾತ್ರ ಮೇಲೆ ಬರಲೇ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಕಡಿಮೆ ಅಂದ ಕೂಡಲೇ ಡೆಂಗಿ, ಇಲಿ ಜ್ವರ ಅಂತಲೇ ಯೋಚನೆ ಹೋಗುತ್ತದೆ, ಅದು ತಪ್ಪೂ ಅಲ್ಲ. ಆದರೆ ಜ್ವರ ಬಿಟ್ಟು ಎರಡು ವಾರವಾದರೂ ಎಣಿಕೆ ಸುಧಾರಿಸದಿದ್ದರೆ ಅಲ್ಲಿಗೇ ನಿಲ್ಲಬಾರದು.

ರಿಪೋರ್ಟಿನಲ್ಲಿ ನೀವೇ ನೋಡಬಹುದಾದ ಸುಳಿವುಗಳಿವೆ. ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕಡಿಮೆ. ಹೊಟ್ಟೆಯ ಸ್ಕ್ಯಾನಿನಲ್ಲಿ ಗುಲ್ಮ ದೊಡ್ಡದು. ಬಿಳಿ ಕಣಗಳ ವಿವರದಲ್ಲಿ ಮೊನೊಸೈಟ್ ಎಂಬ ಜಾತಿಯದ್ದು ಸೊನ್ನೆಯ ಹತ್ತಿರ. ಈ ಕೊನೆಯದು ಹೇರಿ ಸೆಲ್‌ನ ದೊಡ್ಡ ಗುರುತು. ಆದರೆ ಮೆಷಿನ್ ಕೆಲವೊಮ್ಮೆ ಕೂದಲು ಕಣಗಳನ್ನೇ ಮೊನೊಸೈಟ್ ಅಂತ ಎಣಿಸಿಬಿಡುತ್ತದೆ. ಹಾಗಾಗಿ ಅನುಭವ ಇರುವವರು ಸ್ಲೈಡನ್ನು ಕಣ್ಣಾರೆ ನೋಡಬೇಕು.

ಪರೀಕ್ಷೆಗಳನ್ನು ಹೀಗೆ ಹೋಲಿಸಿ. ರಕ್ತದ ಸ್ಲೈಡ್ ಅಗ್ಗ, ಎಲ್ಲ ಕಡೆ ಆಗುತ್ತದೆ, ಆದರೆ ರಕ್ತದಲ್ಲಿ ಈ ಕಣಗಳು ಬಹಳ ಕಡಿಮೆ ಇರುವುದರಿಂದ ಸುಲಭವಾಗಿ ತಪ್ಪಿಹೋಗುತ್ತದೆ. ಫ್ಲೋ ಸೈಟೊಮೆಟ್ರಿಗೆ ಜಾಸ್ತಿ ಖರ್ಚು, ಆದರೆ ಕಣದ ಗುರುತು ಹಿಡಿಯುವುದು ಅದೇ. ರಿಪೋರ್ಟಿನಲ್ಲಿ ಸಿಡಿ11ಸಿ, ಸಿಡಿ25, ಸಿಡಿ103, ಸಿಡಿ123 ಎಂಬ, ಕಣದ ಮೇಲಿನ ಈ ನಾಲ್ಕು ಗುರುತುಗಳೂ ಪಾಸಿಟಿವ್ ಇದ್ದರೆ ಮಾಮೂಲಿ ಹೇರಿ ಸೆಲ್ ಅನ್ನುವುದಕ್ಕೆ ಬಲ ಬರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಎಷ್ಟೋ ಸಲ ಇದನ್ನು ತೋಳಿನ ರಕ್ತದಲ್ಲೇ ಮಾಡಬಹುದು.

ಆಮೇಲೆ ಮಜ್ಜೆ. ಸೊಂಟದ ಮೂಳೆಗೆ ಸೂಜಿ ಹಾಕಿ ಎಳೆದಾಗ ಭಾವನವರಿಗೆ ಏನೂ ಬರಲಿಲ್ಲ. ಖಾಲಿ ಸಿರಿಂಜ್. ನಾವೆಲ್ಲ ಹೆದರಿದೆವು, ಸೂಜಿ ಹಾಕಿದವರ ಕೈ ಸರಿಯಿಲ್ಲವಾ ಅಂತ ಅನುಮಾನವೂ ಬಂತು. ಕಾರಣ ಕಾಯಿಲೆಯೇ. ಈ ಕಣಗಳು ಮಜ್ಜೆಯೊಳಗೆ ಬಲೆಯ ಹಾಗೆ ಸಣ್ಣ ನಾರು ಹೆಣೆಯುತ್ತವೆ, ಅದಕ್ಕೇ ನೀರಿನಂಥದ್ದು ಈಚೆ ಬರುವುದಿಲ್ಲ. ಆದ್ದರಿಂದ ಎಳೆಯುವ ಪರೀಕ್ಷೆ ಒಂದೇ ಸಾಲದು, ಮೂಳೆಯ ಸಣ್ಣ ತುಂಡು ತೆಗೆಯುವ ಬಯಾಪ್ಸಿಯನ್ನೂ ಅದೇ ಹೊತ್ತಿಗೆ ಮಾಡಿಸಿ. ಸೂಜಿ ಹಾಕುವ ಮೊದಲೇ "ತುಂಡೂ ತೆಗೆಯುತ್ತೀರಲ್ವಾ?" ಅಂತ ಕೇಳಿ. ಎರಡು ಸಲ ನೋವು ತಿನ್ನುವುದು ತಪ್ಪುತ್ತದೆ.

ನಾಲ್ಕನೆಯದು ಬಿ-ರಾಫ್ ವಿ600ಇ ಎಂಬ ಜೀನ್ ಪರೀಕ್ಷೆ. 2011ರಲ್ಲಿ ಇಟಲಿಯ ಸಂಶೋಧಕರು ಮಾಮೂಲಿ ಹೇರಿ ಸೆಲ್ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ಈ ಬದಲಾವಣೆ ಇದೆ ಅಂತ ತೋರಿಸಿದರು. ಇದರ ಖರ್ಚು ಬೇಕಾ ಅಂತ ಕೇಳುತ್ತೀರಿ. ಬೇಕು ಅನ್ನುತ್ತೇನೆ. ಯಾಕೆಂದರೆ ಹೇರಿ ಸೆಲ್ ವೇರಿಯಂಟ್ ಅಂತ ಇನ್ನೊಂದು ಕಾಯಿಲೆ ಇದೆ. ನೋಡಲು ಇದರ ಹಾಗೆಯೇ, ಆದರೆ ಸಿಡಿ25 ಇರುವುದಿಲ್ಲ, ಬಿ-ರಾಫ್ ಬದಲಾವಣೆ ಇರುವುದಿಲ್ಲ, ಬಿಳಿ ಕಣ ಕಡಿಮೆಯಾಗುವ ಬದಲು ಜಾಸ್ತಿ ಇರುತ್ತದೆ. ಮಾಮೂಲಿ ಕಾಯಿಲೆಗೆ ಚೆನ್ನಾಗಿ ಹಿಡಿಯುವ ಮದ್ದು ಒಂಟಿಯಾಗಿ ಕೊಟ್ಟರೆ ಅದಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ಎರಡನ್ನೂ ಬೇರೆ ಮಾಡದೆ ಮದ್ದು ಶುರು ಮಾಡಿದರೆ ಮದ್ದೂ ವ್ಯರ್ಥ, ತಿಂಗಳುಗಳೂ ವ್ಯರ್ಥ.

ಇನ್ನೊಂದು ಮಾತು ಜನರಿಗೆ ಗೊತ್ತಿರುವುದಿಲ್ಲ. ಬಯಾಪ್ಸಿಯ ತುಂಡನ್ನು ಕೂರಿಸಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಆಸ್ಪತ್ರೆಯಿಂದ ಬರೆದುಕೊಟ್ಟು ಕೇಳಿ ಪಡೆಯಬಹುದು. ಅದನ್ನು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಒಯ್ದರೆ ಅವರು ಮರುಪರೀಕ್ಷೆ ಮಾಡುತ್ತಾರೆ. ಬ್ಲಾಕ್ ಪ್ರಯಾಣ ಮಾಡಲಿ, ರೋಗಿ ಮನೆಯಲ್ಲಿರಲಿ.

ಕಾಯುವುದೂ ಒಂದು ಆಯ್ಕೆಯೇ

ಪತ್ತೆಯಾದ ನೂರು ಜನರಲ್ಲಿ ಹತ್ತರಷ್ಟು ಜನರಿಗೆ ತಕ್ಷಣ ಮದ್ದು ಬೇಕಾಗುವುದಿಲ್ಲ. ಡಾಕ್ಟರು ಸಾಮಾನ್ಯವಾಗಿ ಹಿಡಿಯುವ ಗಡಿ ಹೀಗಿದೆ: ಹಿಮೋಗ್ಲೋಬಿನ್ 11ಕ್ಕಿಂತ ಕೆಳಗೆ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗೆ, ಸೋಂಕಿನ ಜೊತೆ ಹೋರಾಡುವ ಬಿಳಿ ಕಣವಾದ ನ್ಯೂಟ್ರೋಫಿಲ್ 1000ಕ್ಕಿಂತ ಕೆಳಗೆ. ಇವುಗಳಲ್ಲಿ ಒಂದು ದಾಟಿದರೂ ಮದ್ದಿನ ಮಾತು ಬರುತ್ತದೆ. ಗುಲ್ಮ ಊದಿ ಊಟ ಸೇರದಿದ್ದರೆ, ತೂಕ ಇಳಿಯುತ್ತಿದ್ದರೆ, ಮತ್ತೆ ಮತ್ತೆ ಸೋಂಕು ಬರುತ್ತಿದ್ದರೆ ಆಗಲೂ ಅಷ್ಟೇ. ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡು ಇರಬಹುದು. ಮದ್ದಿನ ತೊಂದರೆ ಇಲ್ಲ, ಖರ್ಚೂ ಕಡಿಮೆ. ಕಷ್ಟ ಇರುವುದು ಮನಸ್ಸಿಗೆ. ಮನೆಯಲ್ಲಿ ಕ್ಯಾನ್ಸರ್ ಇಟ್ಟುಕೊಂಡು ಸುಮ್ನೆ ಕೂರುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮಳೆಗಾಲ ಕಳೆದು ಡಿಸೆಂಬರಿನಲ್ಲಿ ಮದ್ದು ತೆಗೆದುಕೊಳ್ಳುವ ಅನುಕೂಲ ಇದ್ದರೆ ಅದು ಸಣ್ಣ ಲಾಭವಲ್ಲ. ಆಟಿಯ ಮಳೆಯಲ್ಲಿ, ಊರೆಲ್ಲ ಜ್ವರ ಇರುವಾಗ, ಬಿಳಿ ಕಣ ಇಳಿಸಿಕೊಂಡು ಕೂರುವುದು ಕಷ್ಟ.

ಒಂದು ಮದ್ದಾ, ಎರಡಾ?

ಬಹುಪಾಲು ಜನರಿಗೆ ಮೊದಲ ಮದ್ದು ಕ್ಲಾಡ್ರಿಬಿನ್. 1990ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯವರು 12 ಜನರಿಗೆ ಇದನ್ನು ಒಂದೇ ಒಂದು ಸುತ್ತು ಕೊಟ್ಟರು, 11 ಜನರಲ್ಲಿ ಕಾಯಿಲೆಯ ಗುರುತೇ ಉಳಿಯಲಿಲ್ಲ. ಅದಕ್ಕೆ ಮೊದಲು ಗುಲ್ಮ ತೆಗೆಯುವುದು, 1984ರಿಂದ ಇಂಟರ್‌ಫೆರಾನ್ ಎಂಬ ಮದ್ದು, ಹೆಚ್ಚಾಗಿ ಇದೇ ದಾರಿ ಇತ್ತು. ಈಗ ಗುಲ್ಮ ತೆಗೆಯುವ ಆಪರೇಷನ್ ಬಹಳ ಅಪರೂಪ. ಮೊದಲೇ ಅದನ್ನು ಯಾರಾದರೂ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಕ್ಲಾಡ್ರಿಬಿನ್ ಕೊಡುವ ರೀತಿ ಮೂರು. ಏಳು ದಿನ ಹಗಲು ರಾತ್ರಿ ನಿಲ್ಲದ ಡ್ರಿಪ್. ಐದು ದಿನ, ದಿನಕ್ಕೆ ಎರಡು ಗಂಟೆಯ ಡ್ರಿಪ್. ಐದು ದಿನ ಚರ್ಮದಡಿಯ ಇಂಜೆಕ್ಷನ್. ಗುಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಅನುಕೂಲ ಮತ್ತು ಖರ್ಚಿನಲ್ಲಿ ಇದೆ. ಏಳು ದಿನದ್ದಕ್ಕೆ ಅಡ್ಮಿಟ್ ಆಗಬೇಕು, ಐದು ದಿನದ್ದಕ್ಕೆ ಹತ್ತಿರದಲ್ಲಿ ಮನೆ ಇದ್ದರೆ ಹೋಗಿ ಬರಬಹುದು. ಇನ್ಶೂರೆನ್ಸಿನವರು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುವುದಾದರೆ ಅದನ್ನೂ ಮೊದಲೇ ನೋಡಿ. ನೂರರಲ್ಲಿ ಎಂಬತ್ತರಿಂದ ತೊಂಬತ್ತು ಜನರಿಗೆ ಪೂರ್ತಿ ಹಿಡಿತಕ್ಕೆ ಬರುತ್ತದೆ, ಅನೇಕರಿಗೆ ಎಂಟು ವರ್ಷ, ಅದಕ್ಕೂ ಮೇಲೆ ಏನೂ ಬೇಕಾಗುವುದಿಲ್ಲ.

ಎರಡನೆಯ ಆಯ್ಕೆ, ಕ್ಲಾಡ್ರಿಬಿನ್ ಜೊತೆಗೆ ವಾರಕ್ಕೊಂದರಂತೆ ಎಂಟು ಸಲ ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಮದ್ದು. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನವರು 68 ಜನರ ಮೇಲೆ ನಡೆಸಿದ ಹೋಲಿಕೆ 2020ರಲ್ಲಿ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ಅತಿ ಸೂಕ್ಷ್ಮ ಪರೀಕ್ಷೆಯಲ್ಲೂ ಕಾಯಿಲೆ ಕಾಣದವರು ಎರಡೂ ಮದ್ದು ಒಟ್ಟಿಗೆ ತೆಗೆದುಕೊಂಡವರಲ್ಲಿ 97 ಪ್ರತಿಶತ, ಕ್ಲಾಡ್ರಿಬಿನ್ ಒಂದೇ ತೆಗೆದುಕೊಂಡವರಲ್ಲಿ 24 ಪ್ರತಿಶತ. ಇಷ್ಟು ದೊಡ್ಡ ಅಂತರ ನೋಡಿದರೆ ಯಾರಿಗಾದರೂ ಎರಡೂ ಬೇಕು ಅನಿಸುತ್ತದೆ. ಆದರೆ ಒಂದು ಮದ್ದಿನವರಲ್ಲೂ ಹೆಚ್ಚಿನವರು ಮಾಮೂಲಿ ಪರೀಕ್ಷೆಯಲ್ಲಿ ಗುಣವಾಗಿಯೇ ಇದ್ದರು. ಸೂಕ್ಷ್ಮವಾಗಿ ಉಳಿದದ್ದು ಮುಂದೆ ಮರಳಿ ಬರುವ ಸಾಧ್ಯತೆ ಜಾಸ್ತಿ, ಅಷ್ಟೇ. ಇನ್ನೊಂದು ಕಡೆ, ಒಟ್ಟಿಗೆ ಕೊಟ್ಟಾಗ ಮೊದಲ ವಾರಗಳಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಕುಸಿಯಿತು, ಕೆಲವರಿಗೆ ಪ್ಲೇಟ್‌ಲೆಟ್ ಏರಿಸಬೇಕಾಯಿತು.

ಹಾಗಾದರೆ ಯಾರಿಗೆ ಯಾವುದು? ವೇರಿಯಂಟ್ ಆಗಿದ್ದರೆ ಎರಡೂ ಸೇರಿಸುವುದರಲ್ಲಿ ಅರ್ಥವಿದೆ. ವಯಸ್ಸು ಕಡಿಮೆ, ಮುಂದೆ ಮೂವತ್ತು ವರ್ಷ ಬದುಕು ಇದೆ, ಕಾರ್ಡಿನಲ್ಲೋ ಕೈಯಲ್ಲೋ ದುಡ್ಡಿಗೆ ದಾರಿ ಇದೆ, ಆಸ್ಪತ್ರೆ ಹತ್ತಿರ ಇದೆ ಅಂದರೂ ನಾನು ಎರಡರ ಕಡೆಗೇ ವಾಲುತ್ತೇನೆ. ವಯಸ್ಸು ಎಪ್ಪತ್ತೈದು, ಎಂಟು ವಾರ ಓಡಾಡಲು ಜನ ಇಲ್ಲ ಅಂದರೆ ಕ್ಲಾಡ್ರಿಬಿನ್ ಒಂದೇ ಸಾಕು, ಅದು ಎರಡನೇ ದರ್ಜೆಯ ಚಿಕಿತ್ಸೆ ಅಲ್ಲವೇ ಅಲ್ಲ. ನಡುವಿನ ದಾರಿಯೂ ಇದೆ. ಈಗ ಒಂದೇ ಮದ್ದು, ಆರು ತಿಂಗಳ ಮಜ್ಜೆ ಪರೀಕ್ಷೆಯಲ್ಲಿ ಉಳಿದಿದ್ದರೆ ಆಮೇಲೆ ರಿಟುಕ್ಸಿಮ್ಯಾಬ್. ದುಡ್ಡು ಬಿಗಿ ಇರುವ ಮನೆಗೆ ಇದು ಉಸಿರಾಡಲು ಜಾಗ ಕೊಡುತ್ತದೆ. ನಮ್ಮಲ್ಲೇ ತಯಾರಾಗುವ ರಿಟುಕ್ಸಿಮ್ಯಾಬ್ 2007ರಿಂದ ಇದೆ, ಹೊರದೇಶದ ಬ್ರ್ಯಾಂಡೇ ಬೇಕು ಅಂತ ಇಲ್ಲ. ಅದನ್ನು ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಹಳೆಯ ಸೋಂಕು ಒಳಗೆ ಮಲಗಿದ್ದರೆ ಈ ಮದ್ದು ಅದನ್ನು ಎಬ್ಬಿಸುತ್ತದೆ.

ಪೆಂಟೊಸ್ಟಾಟಿನ್ ಕೂಡ ಕ್ಲಾಡ್ರಿಬಿನ್‌ನಷ್ಟೇ ಒಳ್ಳೆಯದು. ಎರಡು ವಾರಕ್ಕೊಮ್ಮೆ, ತಿಂಗಳುಗಟ್ಟಲೆ ಹೋಗಬೇಕು, ಕಿಡ್ನಿ ಸರಿ ಇರಬೇಕು. ನಿಮ್ಮ ಆಸ್ಪತ್ರೆಯಲ್ಲಿ ಸಿಗುತ್ತದಾ ಅಂತ ಕೇಳಿ, ಸಿಗದಿದ್ದರೆ ಅದಕ್ಕಾಗಿ ಕೊರಗುವುದು ಬೇಡ.

ವೆಮುರಾಫೆನಿಬ್ ಎಂಬ ಮಾತ್ರೆಯ ಬಗ್ಗೆ ಮೂವರೂ ಕೇಳಿದರು. ಇದು ಬಿ-ರಾಫ್ ಬದಲಾವಣೆಗೇ ಗುರಿ ಇಡುವ ಮದ್ದು. ಮಜ್ಜೆಯನ್ನು ಕುಗ್ಗಿಸುವುದಿಲ್ಲ. 2021ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಕಾಯಿಲೆ ಮರಳಿ ಬಂದ ಅಥವಾ ಮೊದಲ ಮದ್ದಿಗೆ ಬಗ್ಗದ 30 ಜನರಿಗೆ ಇದನ್ನು ರಿಟುಕ್ಸಿಮ್ಯಾಬ್ ಜೊತೆ ಕೊಟ್ಟಾಗ 26 ಜನರಿಗೆ ಪೂರ್ತಿ ಹಿಡಿತಕ್ಕೆ ಬಂತು. ಆದರೆ ಮಾತ್ರೆ ಒಂದನ್ನೇ ತೆಗೆದುಕೊಂಡು ನಿಲ್ಲಿಸಿದರೆ ಕಾಯಿಲೆ ಬೇಗ ಮರಳುತ್ತದೆ, ಬೆಲೆಯೂ ಭಾರ. ಪತ್ತೆಯಾಗುವಾಗಲೇ ಗಂಭೀರ ಸೋಂಕು ಇದ್ದು ಕ್ಲಾಡ್ರಿಬಿನ್ ಕೊಡಲು ಧೈರ್ಯ ಇಲ್ಲದಿದ್ದಾಗ ಇದಕ್ಕೆ ನಿಜವಾದ ಜಾಗ ಇದೆ. ಕ್ಷಯದಂಥ ಸೋಂಕು ಅಡಗಿದೆಯಾ ಅಂತ ಮೊದಲೇ ನೋಡಿಸಿಕೊಳ್ಳುವುದು ಇದೇ ಕಾರಣಕ್ಕೆ.

ಯಾವ ಊರು?

ಈಗ ಪೆರ್ಲದವರ ಪ್ರಶ್ನೆ. ಕ್ಲಾಡ್ರಿಬಿನ್ ಕೊಟ್ಟ ಐದು ದಿನ ದೊಡ್ಡ ವಿಷಯವಲ್ಲ, ಭಾವನವರು ಪೇಪರ್ ಓದುತ್ತಾ ಕೂತಿದ್ದರು. ಕಷ್ಟ ಬರುವುದು ಅದು ಮುಗಿದು ಮನೆಗೆ ಬಂದ ಮೇಲೆ. ಒಂದೆರಡು ವಾರದಲ್ಲಿ ನ್ಯೂಟ್ರೋಫಿಲ್ ತಳ ಮುಟ್ಟುತ್ತದೆ. ಆಗ 100.4 ಡಿಗ್ರಿ ಜ್ವರ ಬಂದರೆ ಅದು ಮನೆಯಲ್ಲಿ ಮಾತ್ರೆ ನುಂಗಿ ಮಲಗುವ ಜ್ವರವಲ್ಲ. ಒಂದು ಗಂಟೆಯೂ ತಡಮಾಡದೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಶುರು ಆಗಬೇಕು. ಭಾವನವರಿಗೆ ಹನ್ನೊಂದನೇ ದಿನ ರಾತ್ರಿ ಎರಡು ಗಂಟೆಗೆ ಜ್ವರ ಬಂತು. ಬದಿಯಡ್ಕದಿಂದ ಜೀಪಿನಲ್ಲಿ ಹೊರಟು ಮಂಗಳೂರು ಸೇರುವಷ್ಟರಲ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ವೆಲ್ಲೂರಿನಲ್ಲಿ ಮದ್ದು ತೆಗೆದುಕೊಂಡು ರೈಲು ಹತ್ತಿ ಊರಿಗೆ ಬಂದಿದ್ದರೆ ಆ ರಾತ್ರಿ ಅವರ ಫೈಲು ಗೊತ್ತಿರುವ ಡಾಕ್ಟರು ಹತ್ತಿರ ಯಾರೂ ಇರುತ್ತಿರಲಿಲ್ಲ.

ಮಂಗಳೂರಿನ ಅನುಕೂಲ ಗೊತ್ತೇ ಇದೆ. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್, ಹಲವು ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಕನ್ನಡ, ತುಳು, ಮಲಯಾಳ ಮೂರೂ ನಡೆಯುತ್ತದೆ. ತೊಡಕು ದುಡ್ಡಿನದ್ದು. ನಮ್ಮ ರೇಷನ್ ಕಾರ್ಡ್ ಕೇರಳದ್ದು, ಕರ್ನಾಟಕದ ಆರೋಗ್ಯ ಯೋಜನೆ ನಮಗೆ ಸಿಗುವುದಿಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ, ಆದರೆ ಗಡಿಯಾಚೆಯ ಇಂತಿಂಥ ಆಸ್ಪತ್ರೆಯಲ್ಲಿ, ಇಂತಿಂಥ ಚಿಕಿತ್ಸೆಗೆ ನಡೆಯುತ್ತದಾ ಅನ್ನುವುದನ್ನು ಅಡ್ಮಿಟ್ ಆಗುವ ಮೊದಲು ಆಸ್ಪತ್ರೆಯ ಕೌಂಟರಿನಲ್ಲೇ ಕೇಳಿ. ಊರಿನ ಅಕ್ಷಯ ಕೇಂದ್ರದವರು (ಸರಕಾರಿ ಅರ್ಜಿ, ಕಾರ್ಡಿನ ಕೆಲಸ ಮಾಡಿಕೊಡುವವರು) ಹೇಳಿದ್ದೊಂದನ್ನೇ ನಂಬಿ ಹೊರಡಬೇಡಿ.

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಕೇರಳ ಸರಕಾರದ್ದು. ಕಾಸರಗೋಡಿನಿಂದ ನೂರು ಕಿಲೋಮೀಟರ್ ಚಿಲ್ಲರೆ. ಕಾರ್ಡಿನವರಿಗೆ ದೊಡ್ಡ ಆಸರೆ. ಕಾಞಂಗಾಡು, ನೀಲೇಶ್ವರ ಕಡೆಯವರಿಗಂತೂ ದೂರವೂ ಅಷ್ಟೇನಿಲ್ಲ. ಪೆರ್ಲ, ಎಣ್ಮಕಜೆ ಕಡೆಯ ಮನೆಗೆ ರಾತ್ರಿ ಜ್ವರದಲ್ಲಿ ಅದು ದೂರವೇ. ಅಲ್ಲಿ ಮದ್ದು ತೆಗೆದುಕೊಳ್ಳುವುದಾದರೆ ಆ ಮೂರು ನಾಲ್ಕು ವಾರ ಹತ್ತಿರದಲ್ಲೇ ರೂಮು ಮಾಡಿ ಉಳಿಯಿರಿ. ಮಲಯಾಳ ಚೆನ್ನಾಗಿ ಬರುವ ಒಬ್ಬರು ಜೊತೆಗಿರಲಿ. ಮನೆಯಲ್ಲಿ ಕನ್ನಡ, ತುಳು ಮಾತ್ರ ಆಡುವ ಅಜ್ಜನಿಗೆ "ಎಲ್ಲಿ ನೋವು" ಅನ್ನುವುದನ್ನು ಹೇಳಲೂ ಆಗದೆ ಒದ್ದಾಡಿದ್ದನ್ನು ನಾನು ನೋಡಿದ್ದೇನೆ.

ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್, ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಮೆಮೋರಿಯಲ್, ಇವೆಲ್ಲ ದೊಡ್ಡ ಜಾಗಗಳೇ. ಇಲ್ಲಿಗೆ ಹೋಗಬೇಕಾದದ್ದು ಪತ್ತೆಯಲ್ಲಿ ಗೊಂದಲ ಇದ್ದಾಗ, ವೇರಿಯಂಟ್ ಅಂದಾಗ, ಮದ್ದು ಹಿಡಿಯದಿದ್ದಾಗ ಅಥವಾ ಕಾಯಿಲೆ ಬೇಗ ಮರಳಿದಾಗ. ರಾತ್ರಿಯ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ತಿರುವನಂತಪುರ, ಚೆನ್ನೈ ಮೇಲ್ ಹತ್ತಿದರೆ ವೆಲ್ಲೂರಿಗೆ ಇಳಿಯುವ ಕಾಟ್ಪಾಡಿ. ಅಭಿಪ್ರಾಯ ದೂರದಿಂದ ತನ್ನಿ, ಮದ್ದು ಹತ್ತಿರದಲ್ಲಿ ತೆಗೆದುಕೊಳ್ಳಿ.

ಇನ್ನೊಂದು ಪಾಠ ನಮಗೆ 2020 ಕಲಿಸಿತು. ಭಾವನವರ ಆರು ತಿಂಗಳ ಮಜ್ಜೆ ಪರೀಕ್ಷೆ ಆ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಆಗಬೇಕಿತ್ತು. ಮಾರ್ಚ್ ಕೊನೆಗೆ ಕೊರೊನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಆಂಬುಲೆನ್ಸ್ ಕೂಡ ದಾಟದ ಆ ದಿನಗಳು ನಮ್ಮ ಜಿಲ್ಲೆಯವರಿಗೆ ಮರೆಯುವುದಿಲ್ಲ. ಕಾಸರಗೋಡಿನಲ್ಲೇ ರಕ್ತಪರೀಕ್ಷೆ ಮಾಡಿಸಿ ಡಾಕ್ಟರಿಗೆ ಫೋಟೋ ಕಳಿಸುತ್ತಿದ್ದೆವು, ಮಜ್ಜೆ ಪರೀಕ್ಷೆ ತಿಂಗಳುಗಟ್ಟಲೆ ತಡವಾಯಿತು. ಆದ್ದರಿಂದ ಮಂಗಳೂರಿನಲ್ಲಿ ತೋರಿಸುವವರೂ ಗಡಿಯ ಈಚೆ ಒಬ್ಬ ಡಾಕ್ಟರಿಗೆ ಫೈಲಿನ ಪೂರ್ತಿ ಪ್ರತಿ ಕೊಟ್ಟು ಪರಿಚಯ ಇಟ್ಟುಕೊಳ್ಳಿ.

ಎಲ್ಲಿ ತೆಗೆದುಕೊಂಡರೂ ಮೂರು ವಿಷಯ ಕೇಳಿ ಬರೆಸಿಕೊಳ್ಳಿ. ಸರ್ಪಸುತ್ತು ಮತ್ತು ನ್ಯುಮೋನಿಯಾ ಬಾರದಂತೆ ಎಷ್ಟು ತಿಂಗಳು ಮಾತ್ರೆ. ರಾತ್ರಿ ಜ್ವರಕ್ಕೆ ಯಾವ ನಂಬರ್. ರಕ್ತ ಏರಿಸಬೇಕಾದರೆ ವಿಕಿರಣ ಹಾಯಿಸಿದ ರಕ್ತ ಸಿಗುತ್ತದಾ. ಕ್ಲಾಡ್ರಿಬಿನ್ ಆದವರಿಗೆ ಅಂಥದ್ದೇ ಬೇಕು ಅನ್ನುತ್ತಾರೆ. ಎಣಿಕೆ ಮೇಲೆ ಬರುವವರೆಗೆ ಗೊಬ್ಬರದ ಗುಂಡಿ, ಬರಿಗಾಲಲ್ಲಿ ತೋಟ, ಜಾತ್ರೆ ಬೇಡ.

"ಎಂಡೋಸಲ್ಫಾನ್‌ನಿಂದ ಬಂತಾ?" ಗೇರು ತೋಟಗಳಿಗೆ ವರ್ಷಗಟ್ಟಲೆ ಆ ಕೀಟನಾಶಕ ಸಿಂಪಡಿಸಿದ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬರದ ಮನೆ ಇಲ್ಲ, ಬರಲೇಬೇಕಾದ ಪ್ರಶ್ನೆಯೂ ಹೌದು. ಕೀಟನಾಶಕ, ಕಳೆನಾಶಕಗಳ ಸಂಪರ್ಕಕ್ಕೂ ಈ ಕಾಯಿಲೆಗೂ ನಂಟು ಇರಬಹುದು ಅಂತ ಅಧ್ಯಯನಗಳು ಹೇಳಿವೆ. ವಿಯೆಟ್ನಾಂ ಯುದ್ಧದಲ್ಲಿ ಏಜೆಂಟ್ ಆರೆಂಜ್ ಎಂಬ ಕಳೆನಾಶಕ ಸೋಕಿದ ತನ್ನ ಸೈನಿಕರಿಗೆ ಅಮೆರಿಕ ಸರಕಾರ ಇದಕ್ಕೂ ಪರಿಹಾರ ಕೊಡುತ್ತದೆ. ಒಬ್ಬ ರೋಗಿಗೆ ಬಂದದ್ದು ಇದರಿಂದಲೇ ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ತೋಟಕ್ಕೆ ಯಾವ ಮದ್ದು ಎಷ್ಟು ವರ್ಷ ಬಿಟ್ಟಿದ್ದೀರಿ ಅನ್ನುವುದನ್ನು ಡಾಕ್ಟರಿಗೆ ಹೇಳಿ, ಫೈಲಿನಲ್ಲಿ ಬರೆಸಿ. ಚಿಕಿತ್ಸೆಯ ಆಯ್ಕೆ ಅದರಿಂದ ಬದಲಾಗುವುದಿಲ್ಲ.

ಮೂವರಿಗೂ ನಾನು ಹೇಳಿದ್ದು ಇಷ್ಟು. ಮುಳ್ಳೇರಿಯದ ತಮ್ಮಾ, ಅಪ್ಪನ ಹಿಮೋಗ್ಲೋಬಿನ್ 12.4, ಪ್ಲೇಟ್‌ಲೆಟ್ 1.3 ಲಕ್ಷ, ನ್ಯೂಟ್ರೋಫಿಲ್ 1600 ಅಂದೆಯಲ್ಲ, ಡಾಕ್ಟರು ಕಾಯೋಣ ಅಂದದ್ದು ಸರಿಯಾಗಿಯೇ ಇದೆ. ಮೂರು ತಿಂಗಳಿಗೊಮ್ಮೆ ಬರುವ ಅಂಕಿಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಡು. ಉಪ್ಪಳದ ಅಕ್ಕಾ, ನಿಮ್ಮವರಿಗೆ ನಲವತ್ತೆಂಟು, ಮಂಗಳೂರು ಮುಕ್ಕಾಲು ಗಂಟೆ, ಹೆಪಟೈಟಿಸ್ ಬಿ ನೆಗೆಟಿವ್. ಎರಡೂ ಮದ್ದಿನ ಖರ್ಚು ಎಷ್ಟು ಅಂತ ಆಸ್ಪತ್ರೆಯಿಂದ ಬರೆಸಿಕೊಳ್ಳಿ. ಸಾಲ ಮಾಡದೆ ಆಗುವುದಾದರೆ ಎರಡೂ ಸೇರಿಸಿ, ಚಿನ್ನ ಅಡವಿಡಬೇಕಾದರೆ ಈಗ ಕ್ಲಾಡ್ರಿಬಿನ್ ಒಂದೇ ಮಾಡಿಸಿ, ಆರು ತಿಂಗಳಿಗೆ ಮಜ್ಜೆ ನೋಡಿ. ಪೆರ್ಲದವರೇ, ನಿಮ್ಮ ತಮ್ಮನ ರಿಪೋರ್ಟಿನಲ್ಲಿ ಸಿಡಿ25 ನೆಗೆಟಿವ್ ಅಂತ ಇದೆ. ಬಿ-ರಾಫ್ ಇನ್ನೂ ಮಾಡಿಸಿಲ್ಲ. ಊರು ಯಾವುದು ಅನ್ನುವ ಪ್ರಶ್ನೆಯನ್ನು ಒಂದು ವಾರ ಪಕ್ಕಕ್ಕಿಡಿ. ಸೋಮವಾರ ಹೋಗಿ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆದು, ನೀವೊಬ್ಬರೇ ವೆಲ್ಲೂರಿಗೋ ತಿರುವನಂತಪುರಕ್ಕೋ ಹೊರಡಿ. ತಮ್ಮ ಮನೆಯಲ್ಲೇ ಇರಲಿ, ಜ್ವರ ನೋಡುವ ಥರ್ಮಾಮೀಟರ್ ಅವನ ತಲೆದಿಂಬಿನ ಹತ್ತಿರ ಇರಲಿ.